ರೋಗನಾಮವೂ ಪರಿಚರ್ಯೆಯೂ: ಮಧುಮೇಹ ಮತ್ತು ಕಂಠಗ್ರಂಥಿಗಳ ರೋಗಗಳನ್ನು ಕುರಿತು

೧

ವೈದ್ಯ, ಔಷಧ, ಪರಿಚಾರಕ, ರೋಗಿ ಎಂಬ ನಾಲ್ಕು ಪಾದಗಳ ಮೇಲೆ ಚಿಕಿತ್ಸೆಯು ನಿಂತಿದೆಯೆಂಬುದು ಆಯುರ್ವೇದದ ಪ್ರಸಿದ್ಧವಾದ ಸಿದ್ಧಾಂತ. ಚರಕಸಂಹಿತೆಯ ಸೂತ್ರಸ್ಥಾನದ ಒಂಬತ್ತನೆಯ ಅಧ್ಯಾಯವು ಈ ವಿಷಯಕ್ಕೇ ಮೀಸಲಾಗಿದೆ. ಅಲ್ಲಿ ಒಂದೊಂದು ಪಾದಕ್ಕೂ ನಾಲ್ಕು ನಾಲ್ಕು ಗುಣಗಳನ್ನು ಹೇಳಿ, ಹದಿನಾರು ಗುಣಗಳೂ ಕೂಡಿದಾಗ ಸಿದ್ಧಿಯುಂಟಾಗುವುದೆಂದು ನಿರ್ಣಯಿಸಿದೆ. ಪರಿಚಾರಕನಿಗೆ ಹೇಳಿರುವವು ಉಪಚಾರಜ್ಞತೆ, ದಾಕ್ಷ್ಯ, ಅನುರಾಗ, ಶೌಚ ಎಂಬ ನಾಲ್ಕು. ವಾಗ್ಭಟನು ಅಷ್ಟಾಂಗಹೃದಯದಲ್ಲಿ ಅನುರಾಗ, ಶುಚಿತ್ವ, ದಕ್ಷತೆಗಳನ್ನು ಇಟ್ಟುಕೊಂಡು, ನಾಲ್ಕನೆಯದಾಗಿ ಬುದ್ಧಿಯನ್ನು ಎಣಿಸಿದ್ದಾನೆ.

ವೈದ್ಯನ ಗುಣಗಳನ್ನೂ ಔಷಧದ ಗುಣಗಳನ್ನೂ ಕುರಿತು ವಿದ್ವಾಂಸರು ಬೇಕಾದಷ್ಟು ವಿಚಾರಮಾಡಿದ್ದಾರೆ. ಪರಿಚಾರಕನನ್ನು ಕುರಿತು ನಡೆದ ವಿಚಾರವು ಅಲ್ಪ. ಹೇಳಿದ್ದನ್ನು ಮಾಡುವವನಿಗೆ ಸ್ವತಂತ್ರವಾದ ಜ್ಞಾನವೇಕೆ ಎಂಬ ಭಾವನೆಯು ನಮ್ಮಲ್ಲಿ ಬಲವಾಗಿರುವುದೇ ಇದಕ್ಕೆ ಕಾರಣವೆಂದು ತೋರುತ್ತದೆ. ಆದರೆ ಚರಕನು ಮೊದಲ ಗುಣವನ್ನು ಹೇಳುವಾಗ ಉಪಚಾರಕ್ಕೆ 'ಜ್ಞತೆ'ಯನ್ನು ಸೇರಿಸಿದ್ದಾನೆ. ವಾಗ್ಭಟನು ಬುದ್ಧಿಯನ್ನೇ ಕೇಳಿದ್ದಾನೆ. ತಿಳಿಯದೆ ಮಾಡುವ ಸೇವೆಯು ಸೇವೆಯಾಗಲಾರದೆಂದು ಇಬ್ಬರ ಅಭಿಪ್ರಾಯವೂ ಇರಬೇಕಷ್ಟೆ.

ಈ ತಿಳಿವಳಿಕೆಯು ಮನೆಯ ಪರಿಚಾರಕರಿಗೆ ಮೊದಲು ದೊರೆಯುವುದು ರೋಗದ ಹೆಸರಿನಿಂದ. ಪದಗಳನ್ನು ಯೌಗಿಕ, ರೂಢ, ಯೋಗರೂಢಗಳೆಂದು ಶಾಸ್ತ್ರಕಾರರು ವಿಭಾಗಿಸುವರು. ಅವಯವಾರ್ಥದಿಂದಲೇ ತಿಳಿಯತಕ್ಕದ್ದು ಯೌಗಿಕ. ಅದನ್ನು ಬಿಟ್ಟು ರೂಢಿಯಿಂದಲೇ ತಿಳಿಯತಕ್ಕದ್ದು ರೂಢ. ಎರಡೂ ಕೂಡಿದ್ದು ಯೋಗರೂಢ. ಪಂಕದಲ್ಲಿ ಹುಟ್ಟಿದುದೆಲ್ಲವೂ ಪಂಕಜವಲ್ಲ, ತಾವರೆಯೊಂದೇ ಪಂಕಜ. ರೋಗನಾಮಗಳು ಬಹುಮಟ್ಟಿಗೆ ಯೋಗರೂಢಗಳೇ. ವೈದ್ಯನಿಗೆ ಅವುಗಳ ರೂಢ್ಯರ್ಥವು ತಿಳಿದಿರುವುದು. ಮನೆಯವರಿಗೆ ಯೋಗಾರ್ಥವೊಂದೇ ಕೇಳಿಸುವುದು. ಈ ಅಂತರವು ಕೆಲವು ರೋಗಗಳಲ್ಲಿ ನಿರುಪದ್ರವಿಯಾದರೂ ಕೆಲವದರಲ್ಲಿ ಪ್ರಾಣಕ್ಕೇ ಬರುತ್ತದೆ. ಮಧುಮೇಹವೂ ಕಂಠಗ್ರಂಥಿಗಳ ರೋಗಗಳೂ ಅಂತಹವು. ಅವುಗಳ ಹೆಸರು ಏನನ್ನು ತಿಳಿಸುತ್ತದೆ, ಏನನ್ನು ಮರೆಸುತ್ತದೆ, ಮರೆಯಾದುದನ್ನು ಪರಿಚಾರಕನು ಹೇಗೆ ತಿಳಿಯತಕ್ಕದ್ದು ಎಂಬುದೇ ಈ ಲೇಖನದ ವಿಷಯ.

೨

'ಮಧುಮೇಹ'ವೆಂದರೆ ಜೇನಿನಂತಹ ಮೂತ್ರವನ್ನು ವಿಸರ್ಜಿಸುವುದು. ಪ್ರಮೇಹಗಳು ಇಪ್ಪತ್ತು, ಅವುಗಳಲ್ಲಿ ಕಫದಿಂದ ಹತ್ತು, ಪಿತ್ತದಿಂದ ಆರು, ವಾತದಿಂದ ನಾಲ್ಕು. ಮಧುಮೇಹವು ವಾತಜವಾದ ನಾಲ್ಕರಲ್ಲಿ ಒಂದು. ಉಪೇಕ್ಷೆಮಾಡಿದರೆ ಎಲ್ಲ ಪ್ರಮೇಹಗಳೂ ಕಾಲಕ್ರಮದಲ್ಲಿ ಮಧುಮೇಹವಾಗುವುವೆಂದು ಸುಶ್ರುತನ ಮತ. ರೋಗಿಯ ಶರೀರಕ್ಕೂ ಮೂತ್ರಕ್ಕೂ ಇರುವೆಗಳು ಮುತ್ತುವುದನ್ನು ಚರಕನು ಪೂರ್ವರೂಪಗಳಲ್ಲಿ ಹೇಳಿದ್ದಾನೆ. ಸುಶ್ರುತನು ಚಿಕಿತ್ಸಾಸ್ಥಾನದಲ್ಲಿ ಸಹಜ, ಅಪಥ್ಯನಿಮಿತ್ತಜ ಎಂದು ಪ್ರಮೇಹವನ್ನು ಎರಡಾಗಿ ಭಾಗಿಸಿ, ಮೊದಲನೆಯವನು ಕೃಶನೆಂದೂ ಎರಡನೆಯವನು ಸ್ಥೂಲನೆಂದೂ ಹೇಳಿರುವುದು ಇಂದಿನ ವೈದ್ಯರು ಮಾಡುವ ವಿಭಾಗವನ್ನು ನೆನಪಿಗೆ ತರುತ್ತದೆ. ಎರಡೂ ಒಂದೇ ಎಂದು ಸಾಧಿಸುವುದು ಸಾಹಸವಾದೀತು. ನೋಡಿದ ಕಣ್ಣು ಸೂಕ್ಷ್ಮವಾಗಿತ್ತೆಂದು ಮಾತ್ರ ಹೇಳಬಹುದು.

ಪಾಶ್ಚಾತ್ಯರ ಹೆಸರೂ ಲಕ್ಷಣವನ್ನೇ ಹಿಡಿದು ಹುಟ್ಟಿದೆ. ಗ್ರೀಕರ 'ಡಯಾಬಿಟಿಸ್' ಎಂದರೆ ಹಾದುಹೋಗುವುದು. ಕುಡಿದ ನೀರು ನಿಲ್ಲದೆ ಹರಿದುಹೋಗುವುದೆಂದು ಭಾವ. 'ಮೆಲಿಟಸ್' ಎಂಬ ಲ್ಯಾಟಿನ್ ವಿಶೇಷಣಕ್ಕೆ ಜೇನಿನ ಸವಿಯುಳ್ಳದ್ದೆಂದು ಅರ್ಥ. ಎರಡು ದೇಶಗಳಲ್ಲಿಯೂ ಮೂತ್ರವನ್ನು ನೋಡಿಯೇ ಹೆಸರಿಟ್ಟರು. ರೋಗವು ಹುಟ್ಟುವ ಸ್ಥಾನವನ್ನು ಆಗ ಯಾರೂ ಅರಿತಿರಲಿಲ್ಲ. ೧೮೬೯ರಲ್ಲಿ ಲಾಂಗರ್‌ಹಾನ್ಸನೆಂಬ ಜರ್ಮನ್ ವಿದ್ಯಾರ್ಥಿಯು ಮೇದೋಜೀರಕ ಗ್ರಂಥಿಯಲ್ಲಿ ದ್ವೀಪಗಳಂತಿರುವ ಕೋಶಸಮೂಹಗಳನ್ನು ಕಂಡನು. ೧೮೮೯ರಲ್ಲಿ ಮೆರಿಂಗ್ ಮತ್ತು ಮಿಂಕೋವ್ಸ್ಕಿ ಎಂಬವರು ನಾಯಿಯ ಮೇದೋಜೀರಕ ಗ್ರಂಥಿಯನ್ನು ತೆಗೆದಾಗ ಅದಕ್ಕೆ ಮಧುಮೇಹವು ಉಂಟಾಯಿತು. ೧೯೨೧ರಲ್ಲಿ ಕೆನಡಾ ದೇಶದ ಟೊರಾಂಟೋ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬವರು ಆ ಗ್ರಂಥಿಯಿಂದ ಇನ್ಸುಲಿನ್ ಇರುವ ರಸವನ್ನು ತೆಗೆದರು. ೧೯೨೨ರ ಜನವರಿಯಲ್ಲಿ ಹದಿನಾಲ್ಕು ವಯಸ್ಸಿನ ಬಾಲಕನೊಬ್ಬನಿಗೆ ಅದನ್ನು ಮೊದಲು ಕೊಟ್ಟರು.

ಇದರಿಂದ ಸಿದ್ಧವಾದುದೇನು? ರಕ್ತದಲ್ಲಿರುವ ಸಕ್ಕರೆಯು ಶತ್ರುವಲ್ಲ. ಅದು ದೇಹದ ಅನ್ನ. ಆ ಅನ್ನವನ್ನು ಕೋಶಗಳೊಳಕ್ಕೆ ಸೇರಿಸತಕ್ಕ ಇನ್ಸುಲಿನ್ ಇಲ್ಲದಿರುವುದು, ಅಥವಾ ಇದ್ದರೂ ಸಾಲದಿರುವುದು ರೋಗ. ಹಸಿದವನ ಮನೆಯ ಬಾಗಿಲಿಗೆ ಬೀಗಬಿದ್ದು ಹೊರಗೆ ಧಾನ್ಯವು ರಾಶಿಬಿದ್ದಿರುವಂತಹ ಸ್ಥಿತಿಯಿದು. 'ಸಕ್ಕರೆ ಕಾಯಿಲೆ'ಯೆಂಬ ನಮ್ಮ ರೂಢಿಯ ಮಾತು ಹೊರಗಿನ ರಾಶಿಯನ್ನು ತೋರಿಸುತ್ತದೆ, ಬೀಗವನ್ನು ತೋರಿಸುವುದಿಲ್ಲ.

೩

ಹೆಸರಿನ ಯೋಗಾರ್ಥವನ್ನೇ ನಂಬಿದ ಮನೆಯಲ್ಲಿ ಏನಾಗುವುದೆಂಬುದನ್ನು ನೋಡಬೇಕು. ಇನ್ಸುಲಿನ್ ಚುಚ್ಚಿಸಿಕೊಳ್ಳುವ ಹಿರಿಯರೊಬ್ಬರು ಏಕಾದಶಿಯ ದಿನ ಔಷಧವನ್ನು ಎಂದಿನಂತೆ ತೆಗೆದುಕೊಂಡು ಆಹಾರವನ್ನು ಬಿಟ್ಟಿದ್ದಾರೆಂದು ಇಟ್ಟುಕೊಳ್ಳೋಣ. ಹೊತ್ತೇರಿದಂತೆ ಮೈಯೆಲ್ಲ ಬೆವರುತ್ತದೆ, ಕೈ ನಡುಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಮಾತು ತೊದಲುತ್ತದೆ, ಕಾರಣವಿಲ್ಲದೆ ಸಿಡುಕುತ್ತಾರೆ. ಇದು ರಕ್ತದ ಸಕ್ಕರೆಯು ಮಿತಿಮೀರಿ ಇಳಿದುದರ ಚಿಹ್ನೆ. ಆಗ ಸಕ್ಕರೆಯೇ ಔಷಧ. ಆದರೆ 'ಸಕ್ಕರೆ ಕಾಯಿಲೆಯವರಿಗೆ ಸಕ್ಕರೆ ವಿಷ' ಎಂದು ಕಲಿತ ಸೊಸೆಯೋ ಮಗನೋ ಸಕ್ಕರೆಯ ಡಬ್ಬಿಯನ್ನು ಮುಟ್ಟಲು ಹೆದರುವರು. ಅವರಲ್ಲಿ ಅನುರಾಗವೂ ಉಂಟು, ಶೌಚವೂ ಉಂಟು, ಉಪಚಾರಜ್ಞತೆಯಿಲ್ಲ. ಹೆಸರು ಅದಕ್ಕೆ ಅಡ್ಡಬಂದಿದೆ.

ಇಲ್ಲಿ ತಿಳಿಯತಕ್ಕ ಕ್ರಮವು ಹೀಗಿದೆ. ನೂರು ಮಿಲಿಲೀಟರು ರಕ್ತದಲ್ಲಿ ೭೦ ಮಿಲಿಗ್ರಾಮಿಗಿಂತ ಸಕ್ಕರೆಯು ಕಡಮೆಯಾದರೆ ಕೂಡಲೆ ಉಪಚಾರಮಾಡತಕ್ಕದ್ದು. ಅಳೆಯುವ ಸಾಧನವಿಲ್ಲದಿದ್ದರೆ ಚಿಹ್ನೆಗಳನ್ನು ನಂಬಿಯೇ ಮುಂದುವರಿಯತಕ್ಕದ್ದು. ರೋಗಿಗೆ ಎಚ್ಚರವಿದ್ದು ನುಂಗುವ ಶಕ್ತಿಯಿದ್ದರೆ ಸುಮಾರು ೧೫ ಗ್ರಾಮು, ಎಂದರೆ ಮೂರು ಟೀ ಚಮಚೆಯಷ್ಟು, ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಬೇಕು. ೧೫ ನಿಮಿಷದ ಮೇಲೆ ಮತ್ತೆ ನೋಡಿ, ಗುಣ ಕಾಣದಿದ್ದರೆ ಅಷ್ಟನ್ನೇ ಇನ್ನೊಮ್ಮೆ ಕೊಡಬೇಕು. ಚೇತರಿಸಿಕೊಂಡ ಮೇಲೆ ಊಟವನ್ನೋ ಉಪಾಹಾರವನ್ನೋ ಮಾಡಿಸಬೇಕು. ತುಪ್ಪ ಹಾಲುಗಳಿಂದ ಮಾಡಿದ ಸಿಹಿತಿಂಡಿಯು ಈ ಸಮಯಕ್ಕೆ ಒದಗುವುದಿಲ್ಲ. ಅದರ ಜಿಡ್ಡು ಸಕ್ಕರೆಯು ರಕ್ತಕ್ಕೆ ಸೇರುವುದನ್ನು ತಡೆಯುತ್ತದೆ. ವೋಗ್ಲಿಬೋಸ್, ಅಕಾರ್ಬೋಸ್ ಎಂಬ ಮಾತ್ರೆಗಳನ್ನು ತೆಗೆದುಕೊಳ್ಳುವವರಿಗೆ ಗ್ಲೂಕೋಸ್ ಪುಡಿಯನ್ನೇ ಕೊಡಬೇಕು. ಆ ಮಾತ್ರೆಗಳು ಅಡುಗೆಮನೆಯ ಸಕ್ಕರೆಯು ಕರುಳಿನಲ್ಲಿ ಒಡೆಯುವುದನ್ನು ನಿಧಾನಗೊಳಿಸುತ್ತವೆ. ರೋಗಿಗೆ ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಕೂಡದು. ಅದು ಶ್ವಾಸನಾಳಕ್ಕೆ ಇಳಿದೀತು. ಪಕ್ಕಕ್ಕೆ ಹೊರಳಿಸಿ ಮಲಗಿಸಿ, ತಡವಿಲ್ಲದೆ ಆಸ್ಪತ್ರೆಗೆ ಒಯ್ಯಬೇಕು. ಅಲ್ಲಿ ಗ್ಲೂಕೋಸನ್ನು ರಕ್ತನಾಳಕ್ಕೇ ಕೊಡುವರು. ಉಪವಾಸವ್ರತವಿರುವವರು ಮೊದಲೇ ವೈದ್ಯರನ್ನು ಕೇಳಿ ಔಷಧದ ಪ್ರಮಾಣವನ್ನು ಗೊತ್ತುಮಾಡಿಕೊಳ್ಳಬೇಕು.

ಇದಕ್ಕೆ ವಿರುದ್ಧವಾದ ಇನ್ನೊಂದು ಪ್ರಮಾದವೂ ಅದೇ ಹೆಸರಿನಿಂದ ಹುಟ್ಟುತ್ತದೆ. ಜ್ವರವೋ ವಾಂತಿಯೋ ಬಂದು ರೋಗಿಯು ಉಣ್ಣದೆ ಮಲಗಿದಾಗ, 'ಸಕ್ಕರೆಯೇ ಒಳಗೆ ಹೋಗಲಿಲ್ಲ, ಔಷಧವೇಕೆ' ಎಂದು ಇನ್ಸುಲಿನ್ ನಿಲ್ಲಿಸುವುದುಂಟು. ಬಾಲ್ಯದಲ್ಲಿಯೋ ಯೌವನದಲ್ಲಿಯೋ ಸಾಮಾನ್ಯವಾಗಿ ತೋರುವ ಮೊದಲ ಬಗೆಯ ಮಧುಮೇಹದಲ್ಲಿ ಹೀಗೆ ಮಾಡುವುದು ಮಾರಕ. ದೇಹವು ಕೊಬ್ಬನ್ನು ಉರಿಸತೊಡಗಿ ರಕ್ತವು ಆಮ್ಲವಾಗುತ್ತದೆ. ಉಸಿರು ದೀರ್ಘವೂ ತೀವ್ರವೂ ಆಗಿ ಕೊಳೆತ ಹಣ್ಣಿನ ವಾಸನೆ ಬೀರುತ್ತದೆ. ಇನ್ಸುಲಿನನ್ನು ಪೂರ್ತಿಯಾಗಿ ಬಿಡದೆ, ಪ್ರಮಾಣವನ್ನು ವೈದ್ಯರಿಂದ ಕೇಳಿ, ನೀರನ್ನು ಮೇಲಿಂದಮೇಲೆ ಕೊಡುತ್ತಿರಬೇಕು. ಈ ಉಸಿರೂ ಬಿಡದ ವಾಂತಿಯೂ ಕಂಡರೆ ಆಸ್ಪತ್ರೆಯೇ ಗತಿ.

ದಾಕ್ಷ್ಯಕ್ಕೆ ಒಂದು ಉದಾಹರಣೆಯನ್ನು ಕೊಡಬಹುದು. ನಮ್ಮ ದೇಶದಲ್ಲಿ ಇನ್ಸುಲಿನ್ ಮಿಲಿಲೀಟರಿಗೆ ೪೦ ಯೂನಿಟ್ಟಿನದೆಂದೂ ೧೦೦ ಯೂನಿಟ್ಟಿನದೆಂದೂ ಎರಡು ಬಲದಲ್ಲಿ ದೊರೆಯುತ್ತದೆ. ಮೊದಲನೆಯದರ ಸಿರಿಂಜಿಗೆ ಕೆಂಪು ಮುಚ್ಚಳ, ಎರಡನೆಯದರದಕ್ಕೆ ಕಿತ್ತಳೆ ಬಣ್ಣದ ಮುಚ್ಚಳ. ನೂರರ ಔಷಧವನ್ನು ನಲವತ್ತರ ಸಿರಿಂಜಿನಲ್ಲಿ ಎಳೆದರೆ ಎರಡೂವರೆ ಪಾಲು ಔಷಧವು ದೇಹಕ್ಕೆ ಸೇರುತ್ತದೆ. ಸೀಸೆಯ ಮೇಲಿನ ಅಂಕೆಯನ್ನೂ ಸಿರಿಂಜಿನ ಅಂಕೆಯನ್ನೂ ಪ್ರತಿಸಲವೂ ಸರಿನೋಡುವ ಪರಿಚಾರಕಿಯು ಯಾವ ಪಂಡಿತನಿಗಿಂತಲೂ ಕಡಮೆಯಾದ ಪಾಠಶೋಧಕಳಲ್ಲ.

ಶೌಚವೆಂಬ ಗುಣವು ಮಧುಮೇಹಿಯ ಪಾದಗಳಲ್ಲಿ ಪರೀಕ್ಷೆಗೆ ಬರುತ್ತದೆ. ಈ ರೋಗದಲ್ಲಿ ಕಾಲಿನ ಸ್ಪರ್ಶಜ್ಞಾನವು ಕುಗ್ಗಿ, ಮುಳ್ಳು ನೆಟ್ಟರೂ ನೋವು ತಿಳಿಯದೆ ಹೋಗಬಹುದು. ಆದಕಾರಣ ಅಂಗಾಲನ್ನೂ ಬೆರಳ ಸಂದುಗಳನ್ನೂ ದಿನವೂ ಕಣ್ಣಿನಿಂದ ನೋಡತಕ್ಕದ್ದು. ತೊಳೆದು ಸಂದುಗಳ ತೇವವನ್ನು ಒರಸತಕ್ಕದ್ದು. ಆಣಿಯನ್ನು ಬ್ಲೇಡಿನಿಂದ ಕೊಯ್ಯಕೂಡದು. ಬಿಸಿನೀರಿನಲ್ಲಿ ಕಾಲನ್ನು ನೆನೆಸಕೂಡದು. ಬಿಸಿಲಿನಲ್ಲಿ ಕಾದ ದೇವಾಲಯದ ಪ್ರಾಂಗಣವನ್ನು ಬರಿಗಾಲಿನಲ್ಲಿ ಸುತ್ತುವ ಹಿರಿಯರ ವಿಷಯದಲ್ಲಿ ಈ ಎಚ್ಚರವು ವಿಶೇಷವಾಗಿ ಬೇಕು.

೪

ಇನ್ನು ಕಂಠದ ಗ್ರಂಥಿಗಳು. ಸುಶ್ರುತನು ನಿದಾನಸ್ಥಾನದ ಹನ್ನೊಂದನೆಯ ಅಧ್ಯಾಯದಲ್ಲಿ ಗಳಗಂಡವನ್ನು ವಿವರಿಸಿದ್ದಾನೆ. ಗಳವೆಂದರೆ ಕೊರಳು, ಗಂಡವೆಂದರೆ ಊತ. ಹೊರಗೆ ಕಾಣುವ ಊತವೇ ರೋಗದ ಹೆಸರಾಯಿತು. ಪಾಶ್ಚಾತ್ಯರು ಗ್ರಂಥಿಗೆ 'ಥೈರಾಯ್ಡ್' ಎಂದು ಹೆಸರಿಟ್ಟರು. ಅದು ಗ್ರೀಕ್ ಭಾಷೆಯಲ್ಲಿ ಗುರಾಣಿಯನ್ನು ಹೇಳುವ ಪದದಿಂದ ಬಂದುದು. ೧೬೫೬ರಲ್ಲಿ ಆ ಹೆಸರನ್ನು ಕೊಟ್ಟ ವಾರ್ಟನ್ ಎಂಬ ಆಂಗ್ಲ ವೈದ್ಯನಿಗೆ ಅದರ ಕೆಲಸವು ತಿಳಿದಿರಲಿಲ್ಲ. ಒಂದು ಹೆಸರು ಊತವನ್ನು ಹೇಳಿತು, ಇನ್ನೊಂದು ಆಕಾರವನ್ನು ಹೇಳಿತು. ಕಾರ್ಯವನ್ನು ಎರಡೂ ಹೇಳಲಿಲ್ಲ.

ಆ ಗ್ರಂಥಿಯ ರಸವು ದೇಹದ ವ್ಯಾಪಾರಗಳೆಲ್ಲವುಗಳ ವೇಗವನ್ನು ನಿಯಮಿಸುತ್ತದೆ. ರಸವು ಕುಂದಿದರೂ ಮಿಕ್ಕರೂ ರೋಗವೇ. ಊತವು ಎರಡರಲ್ಲಿಯೂ ಇರಬಹುದು, ಇಲ್ಲದೆಯೂ ಇರಬಹುದು. ಅಯೋಡಿನಿನ ಕೊರತೆಯಿಂದ ಬರುವ ಊತವು ಒಂದು ಪ್ರತ್ಯೇಕವಾದ ಕಥೆ. ಅದನ್ನು ತಡೆಯಲು ಉಪ್ಪಿಗೆ ಅಯೋಡಿನ್ ಸೇರಿಸುವ ಪ್ರಯೋಗವು ೧೯೫೬ರಿಂದ ಕಾಂಗ್ರಾ ಕಣಿವೆಯಲ್ಲಿ ನಡೆದು, ೧೯೬೨ರಲ್ಲಿ ಭಾರತ ಸರ್ಕಾರವು ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮವನ್ನು ಆರಂಭಿಸಿತು. ೧೯೯೨ರಲ್ಲಿ ಆ ಕಾರ್ಯಕ್ರಮದ ಹೆಸರಿನಿಂದ 'ಗಳಗಂಡ'ವನ್ನು ತೆಗೆದು 'ಅಯೋಡಿನ್ ಕೊರತೆಯ ರೋಗಗಳು' ಎಂದು ಮಾರ್ಪಡಿಸಿದರು. ಊತವು ಕಾಣದೆಯೂ ಕೊರತೆಯು ಹಾನಿಮಾಡುವುದೆಂದು ಕಂಡುದೇ ಇದಕ್ಕೆ ಕಾರಣ. ಹೆಸರನ್ನು ತಿದ್ದುವುದು ಪಂಡಿತರ ವಿನೋದವಲ್ಲವೆಂಬುದಕ್ಕೆ ಇದೊಂದು ನಿದರ್ಶನ.

ರಸವು ಕುಂದಿದವರ ಲಕ್ಷಣಗಳು ಚಳಿಯನ್ನು ತಾಳದಿರುವುದು, ಮಲಬದ್ಧತೆ, ಒಣಗಿದ ಚರ್ಮ, ಮಂದವಾದ ಮಾತು, ಸದಾ ನಿದ್ರೆಯ ಜಾಡ್ಯ. ಊತವು ಕಾಣದ ಮನೆಯಲ್ಲಿ ಇವರಿಗೆ ದೊರೆಯುವ ಹೆಸರು 'ಸೋಮಾರಿ'. ಪರಿಚಾರಕನ ಅನುರಾಗವು ಇಲ್ಲಿ ಬೇಕು: ಅವಸರಪಡಿಸದೆ, ಉತ್ತರಕ್ಕೆ ಕಾದು, ಬೆಚ್ಚಗಿನ ಹೊದಿಕೆಯನ್ನು ಕೊಟ್ಟು ನಡೆಸಿಕೊಳ್ಳಬೇಕು. ರೋಗವು ಬಲಿತು ಮೈ ತಣ್ಣಗಾದಾಗ ಬಿಸಿನೀರಿನ ಚೀಲ ಮೊದಲಾದವುಗಳಿಂದ ಒಮ್ಮೆಗೇ ಕಾಯಿಸಕೂಡದು. ಚರ್ಮದ ರಕ್ತನಾಳಗಳು ಹಿಗ್ಗಿ ರಕ್ತದ ಒತ್ತಡವು ಕುಸಿಯುತ್ತದೆ. ಥೈರಾಕ್ಸಿನ್ ಮಾತ್ರೆಯನ್ನು ಬೆಳಗ್ಗೆ ಬರಿಹೊಟ್ಟೆಯಲ್ಲಿ ನೀರಿನೊಡನೆ ಕೊಟ್ಟು, ಕಾಫಿಗೂ ತಿಂಡಿಗೂ ಅರ್ಧ ಗಂಟೆಯಿಂದ ಒಂದು ಗಂಟೆಯವರೆಗೆ ಅವಕಾಶವಿರಿಸಬೇಕು. ಕಬ್ಬಿಣದ ಮಾತ್ರೆಗೂ ಕ್ಯಾಲ್ಸಿಯಂ ಮಾತ್ರೆಗೂ ನಾಲ್ಕು ಗಂಟೆಗಳ ಅಂತರವಿರಬೇಕು. ವೃದ್ಧರಲ್ಲಿ ಮಾತ್ರೆಯನ್ನು ಆರಂಭಿಸಿದ ಮೇಲೆ ಎದೆನೋವು ಕಂಡರೆ ಕೂಡಲೆ ವೈದ್ಯರಿಗೆ ತಿಳಿಸತಕ್ಕದ್ದು.

ರಸವು ಮಿಕ್ಕವರು ಇದಕ್ಕೆ ವಿಪರೀತ. ಚೆನ್ನಾಗಿ ಉಂಡರೂ ಕೃಶರಾಗುವರು, ಸೆಕೆಯನ್ನು ತಾಳರು, ಕೈ ನಡುಗುವುದು, ಮನಸ್ಸು ಒಂದೆಡೆ ನಿಲ್ಲದು. ಇವರಿಗೆ ದೊರೆಯುವ ಹೆಸರು 'ಮುಂಗೋಪಿ'. ತಂಪಾದ, ಸದ್ದಿಲ್ಲದ ಕೋಣೆ, ಪುಷ್ಟಿಯಾದ ಆಹಾರ, ವಾರವಾರಕ್ಕೂ ತೂಕವನ್ನು ಬರೆದಿಡುವುದು, ಕಣ್ಣು ಮುಂದೆ ಬಂದಿದ್ದರೆ ಅದು ಒಣಗದಂತೆ ಕಾಪಾಡುವುದು ಇವು ಪರಿಚರ್ಯೆ. ಗ್ರಂಥಿಯ ವೇಗವನ್ನು ತಗ್ಗಿಸುವ ಮಾತ್ರೆಯನ್ನು ಸೇವಿಸುವವರಿಗೆ ಗಂಟಲುನೋವೂ ಜ್ವರವೂ ಬಂದರೆ ಅದನ್ನು ನೆಗಡಿಯೆಂದು ಕಷಾಯಕ್ಕೆ ಒಪ್ಪಿಸಕೂಡದು. ಆ ಮಾತ್ರೆಯು ಅಪರೂಪವಾಗಿ ರಕ್ತದ ಬಿಳಿಯ ಕಣಗಳನ್ನು ನಾಶಮಾಡುವುದುಂಟು. ಅದೇ ದಿನ ರಕ್ತಪರೀಕ್ಷೆಯಾಗಬೇಕು.

೫

ಥೈರಾಯ್ಡಿನ ಹಿಂಭಾಗದಲ್ಲಿ ಸಾಮಾನ್ಯವಾಗಿ ನಾಲ್ಕು ಸಣ್ಣ ಗ್ರಂಥಿಗಳಿವೆ. ಅವುಗಳ ಹೆಸರು 'ಪ್ಯಾರಾಥೈರಾಯ್ಡ್', ಎಂದರೆ ಥೈರಾಯ್ಡಿನ ನೆರೆಯವು. ನೆರೆಮನೆಯವನ ಹೆಸರಿನಿಂದಲೇ ಗುರುತಿಸಲ್ಪಡುವ ಬಡವನ ಪಾಡು ಇವುಗಳದು. ಲಂಡನ್ ನಗರದ ಮೃಗಾಲಯದಲ್ಲಿ ಸತ್ತ ಭಾರತದ ಘೇಂಡಾಮೃಗವೊಂದರ ಶರೀರವನ್ನು ಛೇದಿಸಿದಾಗ ರಿಚರ್ಡ್ ಓವೆನ್ನನು ಇಂತಹ ಗ್ರಂಥಿಯನ್ನು ಕಂಡನು. ಮನುಷ್ಯರಲ್ಲಿರುವುದನ್ನು ಸ್ವೀಡನ್ ದೇಶದ ಸ್ಯಾಂಡ್‌ಸ್ಟ್ರೋಮನು ೧೮೮೦ರಲ್ಲಿ ವಿವರಿಸಿದನು. ಇವುಗಳ ಕೆಲಸಕ್ಕೂ ಥೈರಾಯ್ಡಿನ ಕೆಲಸಕ್ಕೂ ಸಂಬಂಧವಿಲ್ಲ. ಇವು ರಕ್ತದ ಕ್ಯಾಲ್ಸಿಯಮನ್ನು ಸಮಸ್ಥಿತಿಯಲ್ಲಿಡುತ್ತವೆ. ಇವುಗಳ ರಸವು ಮಿಕ್ಕರೆ ಮೂಳೆಯಿಂದ ಸುಣ್ಣವು ಕರಗಿ ರಕ್ತಕ್ಕೆ ಬರುತ್ತದೆ. ಮೂಳೆ ಪೆಡಸಾಗುತ್ತದೆ, ಮೂತ್ರಪಿಂಡದಲ್ಲಿ ಕಲ್ಲು ಕಟ್ಟುತ್ತದೆ. ಅಂತಹ ರೋಗಿಯನ್ನು ಎತ್ತಿ ಇಳಿಸುವಾಗ ಮೃದುವಾಗಿರಬೇಕು. ವೈದ್ಯರು ನಿಷೇಧಿಸದಿದ್ದರೆ ನೀರನ್ನು ಧಾರಾಳವಾಗಿ ಕುಡಿಸಬೇಕು.

ಥೈರಾಯ್ಡಿನ ಶಸ್ತ್ರಚಿಕಿತ್ಸೆಯಾದವರಲ್ಲಿ ಈ ನೆರೆಯ ಗ್ರಂಥಿಗಳಿಗೆ ಪೆಟ್ಟಾಗಿ ಕ್ಯಾಲ್ಸಿಯಂ ಇಳಿಯಬಹುದು. 'ಕೊರಳಿನ ಗಡ್ಡೆಯನ್ನು ತೆಗೆದರು, ರೋಗವು ಮುಗಿಯಿತು' ಎಂದು ಬಂಧುಗಳು ಸಮಾಧಾನದಿಂದಿರುವ ಮೊದಲ ಕೆಲವು ದಿನಗಳಲ್ಲಿಯೇ ಇದು ತಲೆದೋರುವುದು. ತುಟಿಯ ಸುತ್ತಲೂ ಬೆರಳ ತುದಿಗಳಲ್ಲಿಯೂ ಜುಮುಜುಮು ಎನ್ನುವುದು ಮೊದಲ ಸೂಚನೆ. ಆಮೇಲೆ ಕೈಬೆರಳು ಸೆಟೆದುಕೊಳ್ಳುವುದು. ಗಂಟಲಿನ ಸ್ನಾಯು ಬಿಗಿದರೆ ಉಸಿರೇ ನಿಂತೀತು. ಸೂಚನೆಯನ್ನು ಮೊದಲೇ ತಿಳಿಸಿದರೆ ರಕ್ತನಾಳಕ್ಕೆ ಕ್ಯಾಲ್ಸಿಯಂ ಕೊಟ್ಟು ಕಾಪಾಡುವರು. ಮೊದಲ ದಿನ ಕೊರಳಿನ ಕಟ್ಟನ್ನು ಮುಂದೆ ನೋಡಿದರೆ ಸಾಲದು. ಮಲಗಿದವನ ರಕ್ತವು ಹಿಂದಕ್ಕೆ ಹರಿಯುವುದರಿಂದ ಕತ್ತಿನ ಹಿಂಭಾಗಕ್ಕೆ ಕೈಯಿಟ್ಟು ನೋಡತಕ್ಕದ್ದು. ಕೊರಳು ಉಬ್ಬುವುದು, ಸ್ವರವು ಬದಲಾಗುವುದು, ಉಸಿರಿನಲ್ಲಿ ಸದ್ದು ಕೇಳುವುದು ಇವು ತಡೆಯದೆ ಕರೆಯತಕ್ಕ ಚಿಹ್ನೆಗಳು.

ಮಧುಮೇಹವೂ ಥೈರಾಯ್ಡಿನ ರೋಗವೂ ಒಬ್ಬರಲ್ಲಿಯೇ ಸೇರುವುದು ಅಪೂರ್ವವಲ್ಲ. ಮೊದಲ ಬಗೆಯ ಮಧುಮೇಹದಲ್ಲಿ ಅದು ಹೆಚ್ಚು. ಥೈರಾಯ್ಡಿನ ರಸವು ಮಿಕ್ಕಾಗ ರಕ್ತದ ಸಕ್ಕರೆಯು ಏರುತ್ತದೆ. ಅದು ಹತೋಟಿಗೆ ಬಂದ ಮೇಲೆ ಹಿಂದಿನ ಪ್ರಮಾಣದ ಇನ್ಸುಲಿನ್ನೇ ಹೆಚ್ಚಾಗಿ ಸಕ್ಕರೆಯು ಕುಸಿಯಬಹುದು. ಒಂದು ಹೆಸರನ್ನು ಮಾತ್ರ ಕೇಳಿದ ಪರಿಚಾರಕನಿಗೆ ಈ ಸಂಬಂಧವು ಹೊಳೆಯಲಾರದು.

೬

'ಹೆಸರಿನಲ್ಲೇನಿದೆ, ವೈದ್ಯನಿಗೆ ತಿಳಿದಿದ್ದರೆ ಸಾಲದೆ?' ಎಂಬುದು ಪೂರ್ವಪಕ್ಷ. ವೈದ್ಯನು ರೋಗಿಯನ್ನು ತಿಂಗಳಿಗೊಮ್ಮೆ ಕಾಣುವನು. ಪರಿಚಾರಕನು ಹಗಲಿರುಳೂ ಇರುವನು. ಸಕ್ಕರೆಯ ಕುಸಿತವೂ ಬೆರಳಿನ ಜುಮುಜುಮೂ ವೈದ್ಯನಿರುವಾಗಲೇ ಬರುವುವೆಂಬ ನಿಯಮವಿಲ್ಲ. ಆ ಗಳಿಗೆಯಲ್ಲಿ ಚಿಕಿತ್ಸೆಯು ನಿಲ್ಲುವುದು ಮೂರನೆಯ ಪಾದದ ಮೇಲೆಯೇ ಎಂಬುದು ಉತ್ತರ.

ರೂಢಿಯ ಹೆಸರುಗಳನ್ನು ತೆಗೆದುಹಾಕಬೇಕೆಂದು ನನ್ನ ಅಭಿಪ್ರಾಯವಲ್ಲ, ರೂಢಿಯನ್ನು ಗೆಲ್ಲುವವರಿಲ್ಲ. ಆದರೆ 'ಸಕ್ಕರೆ ಕಾಯಿಲೆ'ಯೊಡನೆಯೇ 'ಸಕ್ಕರೆ ಕುಸಿತ'ವೆಂಬ ಎರಡನೆಯ ಮಾತನ್ನೂ ಜನರ ಬಾಯಿಗೆ ತರಬಹುದಾಗಿದೆ. ಗಳಗಂಡದ ಹೆಸರನ್ನು ಹೇಳುವಾಗ 'ಕುಂದಿದ ಥೈರಾಯ್ಡ್', 'ಮಿಕ್ಕ ಥೈರಾಯ್ಡ್' ಎಂದು ಕಾರ್ಯವನ್ನೂ ಸೇರಿಸಿ ಹೇಳಬಹುದಾಗಿದೆ. ಪ್ಯಾರಾಥೈರಾಯ್ಡನ್ನು ಕನ್ನಡದಲ್ಲಿ 'ಸುಣ್ಣದ ಗ್ರಂಥಿ'ಯೆಂದರೆ ಅದರ ಕೆಲಸವು ತಾನಾಗಿ ತಿಳಿಯುವುದು. ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ಕಲ್ಯಾಣಕಾರಕವನ್ನು ಕನ್ನಡಿಸಿದಾಗಲೇ ವೈದ್ಯವು ದೇಶಭಾಷೆಯ ಸೊತ್ತೆಂಬುದು ಇತ್ಯರ್ಥವಾಗಿದೆ. ಭಾಷೆಯನ್ನು ಕಲಿಸುವ ಉಪಾಧ್ಯಾಯರು ಯೋಗರೂಢಕ್ಕೆ ಪಂಕಜವನ್ನು ಉದಾಹರಿಸಿದ ಮೇಲೆ ಮಧುಮೇಹವನ್ನೂ ಉದಾಹರಿಸಿ, ಅದರ ಯೋಗಾರ್ಥವು ಎಲ್ಲಿ ನಿಲ್ಲುತ್ತದೆಂದು ಹೇಳಿದರೆ ಸಾಕು. ಆ ಮಾತನ್ನು ಕೇಳಿದ ಹುಡುಗನೋ ಹುಡುಗಿಯೋ ಮುಂದೊಂದು ದಿನ ಅಜ್ಜನ ಬೆವರಿದ ಹಣೆಯನ್ನು ಕಂಡು, ಹೆದರದೆ ಸಕ್ಕರೆಯ ಡಬ್ಬಿಗೆ ಕೈಹಾಕುವರು.